ಹದಿನಾರರ ತಗಡು

ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಮೇಲೆ, ಹೊಸದಾಗಿ ಫೋಟೋ ಕೆಲಸಕ್ಕೆ ಇಳಿದ ಹುಡುಗರು ಆಗಾಗ ನನ್ನ ಬಳಿ ಬರುತ್ತಾರೆ. ಯಾವ ಕ್ಯಾಮೆರಾ ಒಳ್ಳೆಯದು, ಯಾವ ಲೆನ್ಸು ಒಳ್ಳೆಯದು ಎಂದು ಕೇಳುತ್ತಾರೆ. ಚೌಕಟ್ಟು ಎಷ್ಟು ದೊಡ್ಡದಿರಬೇಕು ಎಂದು ಈತನಕ ಒಬ್ಬನೂ ಕೇಳಿಲ್ಲ. ಈಗ ಕ್ಯಾಮೆರಾ ಮಾಡಿದವರೇ ಅದನ್ನು ತೀರ್ಮಾನಿಸಿ ಕಳಿಸಿರುತ್ತಾರೆ, ಇವರು ಗುಂಡಿ ಒತ್ತಿದರಾಯಿತು. ನಮ್ಮ ಕಾಲದಲ್ಲಿ ಅದನ್ನು ನಾವೇ ತೀರ್ಮಾನಿಸಬೇಕಿತ್ತು, ಅದೂ ಫಿಲ್ಮು ಹಾಕುವ ಮೊದಲೇ. ನಾನು ತೀರ್ಮಾನಿಸಿದ ಒಂದು ಚೌಕಟ್ಟಿನಿಂದಾಗಿ ಒಬ್ಬ ಹೆಣ್ಣುಮಗಳು ಗಂಡನ ಮನೆ ಬಿಡಬೇಕಾಯಿತು. ಹಳಿಯಾಳದ ಹಳಬರಿಗೆಲ್ಲ ಇದು ಗೊತ್ತಿರುವ ಸಂಗತಿ, ನಾನೇನೂ ಗುಟ್ಟು ಬಿಚ್ಚುತ್ತಿಲ್ಲ. ಆದರೆ ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಹುಡುಗರು ನನ್ನನ್ನು ದೊಡ್ಡ ಮನುಷ್ಯನೆಂದು ತಿಳಿದು ಕಾಲಿಗೆ ಬೀಳುತ್ತಾರೆ. ಆಗ ಮೈಯೆಲ್ಲ ಹಿಡಿಯಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಕೆಲಸ ಕಲಿಸಿದವರು ಗನಿಸಾಹೇಬರು. ಹಳಿಯಾಳದ ಪೇಟೆಯಲ್ಲಿ ಅವರದೊಂದೇ ಫೋಟೋ ಅಂಗಡಿ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು, ಮನೆಯಲ್ಲಿ ಬೈಸಿಕೊಳ್ಳಲಾರದೆ ಅವರ ಅಂಗಡಿ ಸೇರಿದೆ. ಎಲ್ಲರಂತೆ ನಾನೂ ಅವರನ್ನು ಉಸ್ತಾದ ಎನ್ನುತ್ತಿದ್ದೆ. ಮೊದಲು ಅವರ ಬಳಿ ಇದ್ದದ್ದು ಮರದ ಪೆಟ್ಟಿಗೆಯ ಕ್ಯಾಮೆರಾ. ಗಾಜಿನ ತಟ್ಟೆ ಹಾಕಿ, ಕರೇ ಬಟ್ಟೆಯೊಳಗೆ ತಲೆ ತೂರಿಸಿ ತೆಗೆಯುವಂಥದ್ದು. ಅದನ್ನು ಎತ್ತಿನ ಗಾಡಿಯಲ್ಲಿ ಹಳ್ಳಿಗೆ ಒಯ್ಯುವಾಗ ಗಾಜು ಒಡೆಯದಂತೆ ನಾನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ. ಮುಂದೆ ರೋಲ್ ಫಿಲ್ಮು ಬಂತು. ಉಸ್ತಾದರು ಬೆಳಗಾವಿಯಿಂದ ಮಡಿಸುವ ಕ್ಯಾಮೆರಾ ತಂದರು. ಮುಚ್ಚಿದರೆ ಪಂಚಾಂಗದಷ್ಟು, ಬಿಚ್ಚಿದರೆ ಹಾರ್ಮೋನಿಯಂನಂತೆ ತಿದಿ ಹೊರಗೆ ಬರುತ್ತಿತ್ತು.

ಆ ಕ್ಯಾಮೆರಾದಲ್ಲಿ ಒಂದು ರೋಲಿಗೆ ಎಂಟು ಚಿತ್ರ. ಚಿತ್ರ ಉದ್ದಗಲದಲ್ಲಿ ದೊಡ್ಡದು, ಹತ್ತು ಜನ ಸಾಲಾಗಿ ನಿಂತರೂ ಹಿಡಿಸುತ್ತಿತ್ತು. ಅದರ ಜೊತೆಗೆ ಒಂದು ತಗಡು ಬರುತ್ತಿತ್ತು, ನಡುವೆ ಅರ್ಧ ಅಳತೆಯ ಕಿಂಡಿ ಕೊರೆದದ್ದು. ಫಿಲ್ಮು ಹಾಕುವ ಮೊದಲು ಆ ತಗಡನ್ನು ಒಳಗೆ ಕೂರಿಸಿದರೆ ಎರಡೂ ಬದಿ ಮುಚ್ಚಿ, ಚಿತ್ರ ಅರ್ಧಕ್ಕೆ ಇಳಿಯುತ್ತಿತ್ತು. ರೋಲಿಗೆ ಹದಿನಾರು ಸಿಗುತ್ತಿದ್ದವು. ಎಂಟರದ್ದೋ ಹದಿನಾರರದ್ದೋ ಎಂದು ಮೊದಲೇ ನಿಶ್ಚಯವಾಗಬೇಕು. ಫಿಲ್ಮು ಹಾಕಿ ಮುಚ್ಚಿದ ಮೇಲೆ ತೆಗೆದು ನೋಡುವಂತಿಲ್ಲ, ಬೆಳಕು ಬಿದ್ದು ಎಲ್ಲವೂ ಹಾಳು. ಹಿಗ್ಗಿಸುವ ಯಂತ್ರ ಆಗ ನಮ್ಮಲ್ಲಿರಲಿಲ್ಲ. ಫಿಲ್ಮಿನ ಮೇಲೆ ಎಷ್ಟು ದೊಡ್ಡದಾಗಿ ಬರುತ್ತದೋ ಕಾಗದದ ಮೇಲೂ ಅಷ್ಟೇ.

ಉಸ್ತಾದರು ಗಿರಾಕಿ ಬಂದ ಕೂಡಲೇ ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ಚಹಾ ತರಿಸಿ, ಫೋಟೋ ಎಲ್ಲಿ ಇಡುತ್ತೀರಿ ಎಂದು ವಿಚಾರಿಸುತ್ತಿದ್ದರು. ಗೋಡೆಗೆ ತೂಗು ಹಾಕುವುದೇ, ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇಡುವುದೇ, ಕಿಸೆಯಲ್ಲಿಟ್ಟುಕೊಂಡು ಊರು ಬಿಡುವುದೇ, ಅದನ್ನೆಲ್ಲ ಕೇಳಿಯೇ ಚೌಕಟ್ಟು ಆರಿಸುತ್ತಿದ್ದರು. ನನಗೆ ಆಗ ಇದೆಲ್ಲ ಮುದುಕನ ಹರಟೆ ಎನ್ನಿಸುತ್ತಿತ್ತು. ಫಿಲ್ಮು ಉಳಿಸುವುದೇ ಜಾಣತನ ಎಂದು ತಿಳಿದಿದ್ದೆ.

ಆ ಜಾಣತನದ ಮೊದಲ ಫಲ ಅಂಬೇವಾಡಿಯಲ್ಲಿ ಕಂಡಿತು. ಅಲ್ಲಿ ರೈಲಿಗೆ ತುಂಬುವ ಮರದ ದಾಸ್ತಾನು ಇತ್ತು. ಎಲ್ಲರೂ ಬಂದು ನೋಡುವಂಥ ಒಂದು ಸಾಗವಾನಿ ದಿಮ್ಮಿ ಕಾಡಿನಿಂದ ಇಳಿದಿತ್ತು. ಅಲ್ಲಿಯ ಅರಣ್ಯ ಇಲಾಖೆಯ ಸಾಹೇಬರಿಗೆ ಅದರ ಮುಂದೆ ತಮ್ಮ ಸಿಬ್ಬಂದಿಯೊಡನೆ ಫೋಟೋ ಬೇಕಾಯಿತು. ಉಸ್ತಾದರಿಗೆ ಜ್ವರ, ನಾನು ಹೋದೆ. ದಿಮ್ಮಿಯ ಈ ತುದಿಯಿಂದ ಆ ತುದಿಗೆ ಜನರನ್ನು ನಿಲ್ಲಿಸಿದೆ. ಮೇಲಿನ ನೋಟದ ಕಿಂಡಿಯಲ್ಲಿ ಎಲ್ಲ ಸೊಗಸಾಗಿ ಕಂಡಿತು. ಆದರೆ ಒಳಗೆ ಹಿಂದಿನ ದಿನದ ತಗಡು ಹಾಗೇ ಕೂತಿತ್ತು. ನೋಟದ ಕಿಂಡಿಗೆ ಆ ತಗಡಿನ ಸುದ್ದಿ ತಿಳಿಯುವುದಿಲ್ಲ, ಅದು ಯಾವಾಗಲೂ ಪೂರಾ ತೋರಿಸುತ್ತದೆ. ತೊಳೆದು ನೋಡಿದರೆ ದಿಮ್ಮಿಗೆ ತಲೆಯೂ ಇಲ್ಲ, ಬುಡವೂ ಇಲ್ಲ. ತುದಿಗೆ ನಿಂತವರೆಲ್ಲ ಮಾಯ. ಉಳಿದದ್ದು ಸಾಹೇಬರ ಹೊಟ್ಟೆ ಮತ್ತು ಅದರ ಹಿಂದೆ ಒಂದು ತುಂಡು ಮರ.

ಸಾಹೇಬರು ಬೈಯಲಿಲ್ಲ, ನಕ್ಕರು. ಅವರು ನಕ್ಕದ್ದು ದಾಂಡೇಲಿಯ ಗಾಡಿಯವರ ಬಾಯಿಗೆ ಬಿದ್ದು ಹಳಿಯಾಳದ ಪೇಟೆಗೆ ನನಗಿಂತ ಮುಂಚೆ ಬಂದು ಮುಟ್ಟಿತು. ನಾನು ಬೀದಿಯಲ್ಲಿ ಕಂಡರೆ ಸಾಕು, ದಿಮ್ಮಿ ಕೊಯ್ಯುವವನು ಬಂದ ಎನ್ನುತ್ತಿದ್ದರು. ತಲೆ ಎತ್ತಲಾರದೆ ಮರುವಾರವೇ ಹೊಸ ರೋಲು ಹಾಕಿಕೊಂಡು ಅಂಬೇವಾಡಿಗೆ ಓಡಿದೆ, ಕೈಮುಗಿದು ಎಲ್ಲರನ್ನೂ ಮತ್ತೆ ನಿಲ್ಲಿಸಿದೆ, ಇಡೀ ರೋಲು ಅವರಿಗೇ ಸುರಿದೆ. ದೊಡ್ಡವರ ಮುಂದೆ ತಪ್ಪಾದರೆ ಕಾಲಿಗೆ ಎಂಥ ಚುರುಕು ಬರುತ್ತದೆ ನೋಡಿ. ಇದನ್ನು ಯಾಕೆ ಹೇಳಿದೆ ಎಂದು ಮುಂದೆ ತಿಳಿಯುತ್ತದೆ.

ಎರಡನೆಯ ಮಹಾಯುದ್ಧ ಶುರುವಾಗಿ ಫಿಲ್ಮು ಸಿಗುವುದೇ ದುಸ್ತರವಾಯಿತು. ಉಸ್ತಾದರು ಹುಬ್ಬಳ್ಳಿಗೆ ಹೋಗಿ ಅಂಗಡಿ ಅಂಗಡಿ ಅಲೆದು ತರುತ್ತಿದ್ದರು. ಆಗ ಹದಿನಾರರ ತಗಡಿಗೆ ಬೆಲೆ ಬಂತು. ಅದರಿಂದಲೇ ನಮ್ಮಲ್ಲಿ ಜೋಡಿ ಫೋಟೋದ ಪದ್ಧತಿ ಬೆಳೆಯಿತು. ಹಳ್ಳಿಯ ಮನೆಗಳಲ್ಲಿ ಹಿರಿಯರ ಎದುರು ಗಂಡ ಹೆಂಡತಿ ಒಂದೇ ಬಾಕಿನ ಮೇಲೆ ಕೂರುವುದೆಂದರೆ ನಾಚಿಕೆಗೇಡು. ಹಾಗಾಗಿ ಗಂಡನನ್ನು ಒಂದು ಅರ್ಧ ಚೌಕಟ್ಟಿನಲ್ಲಿ, ಅವನು ಎದ್ದು ಹೋದ ಮೇಲೆ ಹೆಂಡತಿಯನ್ನು ಅದರ ಮುಂದಿನದರಲ್ಲಿ ತೆಗೆಯುವುದು. ಫಿಲ್ಮಿನ ಮೇಲೆ ಇಬ್ಬರೂ ಅಕ್ಕಪಕ್ಕ ಬರುತ್ತಿದ್ದರು. ಎರಡನ್ನೂ ಸೇರಿಸಿ ಒಂದೇ ಕಾಗದಕ್ಕೆ ಒತ್ತಿದರೆ ಜೋಡಿ ತಯಾರು, ನಡುವೆ ಒಂದು ಗೆರೆ ಮಾತ್ರ. ಕುಲದ ಮರ್ಯಾದೆಯೂ ಉಳಿಯಿತು, ಫಿಲ್ಮೂ ಉಳಿಯಿತು. ಹಿರಿಯರಿಗೆ ಇದು ಬಹಳ ಹಿಡಿಸಿತು.

ತೇರಗಾಂವದಲ್ಲಿ ವೀರಭದ್ರಪ್ಪ, ಬಸವಣ್ಣೆಪ್ಪ ಎಂಬ ಅಣ್ಣತಮ್ಮಂದಿರು. ಹೊಲಮನೆ ಚೆನ್ನಾಗಿದ್ದ ಲಿಂಗವಂತರ ಮನೆ. ತಮ್ಮ ಬಸವಣ್ಣೆಪ್ಪ ಮೋಟಾರು ಓಡಿಸುವುದನ್ನು ಕಲಿತಿದ್ದ. ಮಿಲಿಟರಿಗೆ ಡ್ರೈವರಾಗಿ ಹೊರಟಿದ್ದ. ಹೋಗುವ ಮೊದಲು ಮನೆಯವರ ಫೋಟೋ ಆಗಲಿ ಎಂದು ಹೇಳಿಕಳಿಸಿದರು. ಉಸ್ತಾದರು ನನ್ನನ್ನೇ ಕಳಿಸಿದರು. ನಾನು ಯಾರನ್ನೂ ಏನೂ ಕೇಳದೆ ಅಂಗಡಿಯಲ್ಲೇ ತಗಡು ಕೂರಿಸಿಕೊಂಡು ಹೋದೆ.

ಮನೆಯ ಹಿತ್ತಲಲ್ಲಿ ಜಮಖಾನೆ ಕಟ್ಟಿ, ಮುಂದೆ ಕುರ್ಚಿ ಇಟ್ಟೆ. ಅಣ್ಣತಮ್ಮಂದಿರ ತಾಯಿ, ಮನೆಯ ಯಜಮಾನಿ, ತನ್ನ ಕಿವಿಯ ಬುಗುಡಿ, ಕೊರಳ ಟೀಕಿ, ಮದುವೆಯ ಇಳಕಲ್ಲ ಸೀರೆ ತೆಗೆದುಕೊಟ್ಟಿದ್ದಳು. ಸೊಸೆಯಂದಿರಿಬ್ಬರೂ ಸರದಿಯ ಮೇಲೆ ಅವನ್ನೇ ಉಟ್ಟು ತೊಟ್ಟು ಕೂರಬೇಕು. ಕಿರಿಯ ಸೊಸೆ ಗಂಗವ್ವ, ಮುಂಡಗೋಡದ ಕಡೆಯ ಇಂದೂರಿನ ಹುಡುಗಿ. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ನಾನು ಕ್ಯಾಮೆರಾ ಹೊಂದಿಸುತ್ತಿದ್ದಾಗ ಅತ್ತೆ ಒಳಗೆ ಹೋದದ್ದನ್ನು ನೋಡಿಕೊಂಡು ಹತ್ತಿರ ಬಂದಳು.

"ನಮ್ಮಿಬ್ಬರದೂ ಒಂದರಾಗ ಬರೂವಂಗ ತಗೀತೀರೇನ್ರೀ?" ಎಂದು ಕೇಳಿದಳು.

ತಗಡು ಒಳಗಿತ್ತು. ತೆಗೆಯಬೇಕೆಂದರೆ ಆಗಲೇ ಹಾಕಿದ ರೋಲನ್ನು ಕಳೆದುಕೊಳ್ಳಬೇಕು. ಹಾಗೆಂದು ಹೇಳಬಹುದಿತ್ತು. ಅದರ ಬದಲು ನಾನು, ಹಿರಿಯರ ಮನೆಯಲ್ಲಿ ಹಾಗೆಲ್ಲ ಕೂರಬಾರದು ತಂಗಿ ಎಂದು ಅವಳಿಗೇ ಬುದ್ಧಿ ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಮೊದಲು ವೀರಭದ್ರಪ್ಪ ಕೂತ. ಮುಂದೆ ಅವನ ಹೆಂಡತಿ ಬರಬೇಕು. ಅವಳ ಕೂಸು ರಚ್ಚೆ ಹಿಡಿದಿತ್ತು, ಹಾಲು ಕುಡಿಸುತ್ತ ಕೂತಿದ್ದಳು. ಬಿಸಿಲು ಗೋಡೆ ಹತ್ತುತ್ತಿತ್ತು. ನಾನು ಅವಸರ ಮಾಡಿದ್ದಕ್ಕೆ, ಗಂಗವ್ವನಿಗೇ ಮೊದಲು ಒಡವೆ ಹಾಕಿ ಕೂರಿಸಿದರು. ಅವಳದಾದ ಮೇಲೆ ಅದೇ ಸೀರೆ, ಅದೇ ಒಡವೆಯಲ್ಲಿ ಹಿರಿಯ ಸೊಸೆ ಬಂದಳು. ಕೊನೆಗೆ ಬಸವಣ್ಣೆಪ್ಪ. ಸಾಲು ತಪ್ಪಿತು ಎಂಬುದು ಆಗ ನನಗೆ ಗೊತ್ತಿತ್ತು. ತೊಳೆದ ಮೇಲೆ ಫಿಲ್ಮನ್ನು ಕತ್ತರಿಸಿ, ಸರಿಯಾದ ಜೋಡಿ ಹೊಂದಿಸಿ ಒತ್ತಿದರಾಯಿತು ಎಂದುಕೊಂಡೆ.

ಆ ವಾರ ಕೆಲಸ ಬಹಳ ಬಿತ್ತು. ಮಿಲಿಟರಿಗೆ ಹೊರಟವರ ಮನೆಯವರೆಲ್ಲ ಅಂಗಡಿಗೆ ಮುಗಿಬಿದ್ದಿದ್ದರು. ತೇರಗಾಂವದ ಫಿಲ್ಮು ಕೈಗೆ ಬಂದಾಗ ಸಾಲು ತಪ್ಪಿದ್ದು ನೆನಪೇ ಆಗಲಿಲ್ಲ. ಫಿಲ್ಮಿನಲ್ಲಿ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಾಣುವುದರಿಂದ ಮುಖ ಗುರುತು ಹತ್ತುವುದು ಕಷ್ಟ. ಸೀರೆ ಒಡವೆ ಒಂದೇ ಆದರೆ ಕೇಳಲೇಬೇಡಿ. ಪದ್ಧತಿಯಂತೆ ಮೊದಲೆರಡು ಒಂದು ಜೋಡಿ, ಆಮೇಲಿನೆರಡು ಒಂದು ಜೋಡಿ ಎಂದು ಒತ್ತಿಬಿಟ್ಟೆ. ಒಣಗಿದ ಮೇಲಾದರೂ ಮುಖ ನೋಡಬೇಕಿತ್ತು, ನೋಡಲಿಲ್ಲ. ರಟ್ಟಿಗೆ ಅಂಟಿಸಿ, ಮೇಲೆ ಬೆಣ್ಣೆ ಕಾಗದ ಹೊದಿಸಿ ಕಟ್ಟಿಟ್ಟೆ. ಬಸವಣ್ಣೆಪ್ಪ ಅಳ್ನಾವರಕ್ಕೆ ರೈಲು ಹಿಡಿಯಲು ಹೋಗುತ್ತ ಅಂಗಡಿಗೆ ಬಂದ. ಮೋಟಾರು ಹೊರಗೆ ನಿಂತು ಹಾರನ್ ಬಾರಿಸುತ್ತಿತ್ತು. ಕಟ್ಟನ್ನು ಬಿಚ್ಚದೆ ಚೀಲಕ್ಕೆ ಹಾಕಿಕೊಂಡು, ಬರ್ತೇನ್ರಿ ಎಂದು ಹೋದ. ಇನ್ನೊಂದು ಕಟ್ಟನ್ನು ತೇರಗಾಂವದ ಗಾಡಿಯವನ ಕೈಯಲ್ಲಿ ಮನೆಗೆ ಕಳಿಸಿದೆ.

ಮರುದಿನವೇ ವೀರಭದ್ರಪ್ಪ ಬಂದ. ಉಸ್ತಾದರು ಹುಬ್ಬಳ್ಳಿಗೆ ಹೋಗಿದ್ದರು, ನಾನೊಬ್ಬನೇ. ಅಂಗಿಯೊಳಗಿನಿಂದ ರಟ್ಟು ತೆಗೆದು ಮೇಜಿನ ಮೇಲೆ ಇಟ್ಟ. ಚಿತ್ರದಲ್ಲಿ ಅವನ ಪಕ್ಕಕ್ಕೆ ಗಂಗವ್ವ ಕೂತಿದ್ದಳು. ಗಂಡನ ಅಣ್ಣ ಎದುರಿಗೆ ಬಂದರೆ ಕಿರಿಯ ಸೊಸೆ ಬಾಗಿಲ ಹಿಂದೆ ಸರಿಯುವಂಥ ಮನೆ ಅದು. ಆ ಮನೆಗೆ ನಾನು ಭಾವನ ಮಗ್ಗುಲಿಗೆ ಅವಳನ್ನು ಕೂರಿಸಿ, ಅಂಟಿಸಿ, ಬೆಣ್ಣೆ ಕಾಗದ ಹೊದಿಸಿ ಕಳಿಸಿದ್ದೆ. ಅದೂ ಗಾಡಿಯವನು ನಾಲ್ಕು ಜನರ ಮುಂದೆ ಬಿಚ್ಚಿ ತೋರಿಸಿದ್ದನಂತೆ.

"ಇದು ಹೆಂಗ ಆತು?" ಎಂದು ಕೇಳಿದ.

ದಿಮ್ಮಿ ಕೊಯ್ದವನು ಎಂಬ ಹೆಸರು ಆಗಷ್ಟೇ ಹಿಂದೆ ಬೀಳುತ್ತಿತ್ತು. ಇನ್ನೊಮ್ಮೆ ಪೇಟೆಯವರ ಬಾಯಿಗೆ ಬಿದ್ದರೆ ಈ ಕಸುಬೇ ಮುಗಿಯಿತು ಎಂಬ ಹೆದರಿಕೆ. ನಾಲಿಗೆಗೆ ಬಂದದ್ದು ಇಷ್ಟು.

"ನಂದೇನೂ ತಪ್ಪಿಲ್ರಿ. ಕ್ಯಾಮೆರಾದಾಗ ಹಂಗ ಬಂದೈತಿ."

ಆತ ನನ್ನನ್ನು ಫಿಲ್ಮು ಎಲ್ಲಿದೆ ಎಂದು ಕೇಳಿದ. ತಮ್ಮ ಮನೆಯ ಹೆಣ್ಣುಮಕ್ಕಳ ಮುಖ ಇನ್ನು ಈ ಅಂಗಡಿಯಲ್ಲಿ ಇರಕೂಡದು ಎಂದ. ಕತ್ತರಿಸಿ ಬೇರೆ ಜೋಡಿ ಮಾಡಿದರೆ ಎಲ್ಲವೂ ನೇರಾಗುತ್ತದೆ ಎಂದು ಹೇಳಲು ಬಾಯಿ ತೆರೆದೆ. ಹಾಗೆ ಹೇಳಿದರೆ ತಪ್ಪು ನನ್ನದೇ ಎಂದು ಒಪ್ಪಿಕೊಂಡಂತೆ ಆಗುತ್ತದಲ್ಲ ಎಂದು ಮುಚ್ಚಿಕೊಂಡೆ. ಫಿಲ್ಮು ತೊಳೆಯುವ ಔಷಧದ ನೀರು ಕಾಯಿಸುವ ಒಲೆಯಲ್ಲಿ ಕೆಂಡವಿತ್ತು. ನಾನೇ ನನ್ನ ಕೈಯಿಂದ ನಾಲ್ಕು ಚಿತ್ರವನ್ನೂ ಅದಕ್ಕೆ ಹಾಕಿದೆ. ವೀರಭದ್ರಪ್ಪ ಅದು ಮುರುಟಿಕೊಳ್ಳುವವರೆಗೆ ನಿಂತಿದ್ದು ಹೋದ.

ನನ್ನ ಮಾತನ್ನು ಅವನು ಹಾಗೆಯೇ ಮನೆಗೆ ಒಯ್ದಿದ್ದ. ಯಜಮಾನಿ ಏನೆಂದಳೆಂದು ಗಾಡಿಯವನೇ ಬಂದು ಹೇಳಿದ. ಮನುಷ್ಯ ತಪ್ಪು ಮಾಡಿದ್ದರೆ ಬೇರೆ ಮಾತು, ಮಷೀನಿಗೆ ನಮ್ಮ ಮನೆಯ ಮೇಲೆ ಏನು ಹಗೆ, ಅವರಿಬ್ಬರ ನಡುವೆ ಇದ್ದದ್ದನ್ನೇ ಅದು ತೋರಿಸಿರಬೇಕು ಎಂದಳಂತೆ. ಆ ಕಾಲದ ಮುದುಕಿ, ಜೀವಮಾನದಲ್ಲಿ ಕ್ಯಾಮೆರಾ ನೋಡಿದ್ದೇ ಅವತ್ತು. ಅದು ಇರುವುದನ್ನು ತೋರಿಸುತ್ತದೆ ಎಂದು ಅವಳಿಗೆ ಹೇಳಿದವರೂ ನಾವೇ. ನಾನು ನನ್ನ ಮೈ ಉಳಿಸಿಕೊಳ್ಳಲು ತಪ್ಪನ್ನು ಮಷೀನಿನ ಮೇಲೆ ಹಾಕಿದೆ. ಅವಳು ಮಷೀನನ್ನು ನಂಬಿದಳು. ಮಗ ಬರುವತನಕ ತವರಿನಲ್ಲಿರಲಿ ಎಂದು ಗಂಗವ್ವನನ್ನು ಗಾಡಿ ಕಟ್ಟಿಸಿ ಇಂದೂರಿಗೆ ಕಳಿಸಿಬಿಟ್ಟಳು.

ಉಸ್ತಾದರು ಬಂದು ಎಲ್ಲ ಕೇಳಿದರು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೂದಿ ಕೆದರಿದರು. "ಅವರ ಸಿಟ್ಟು ಆರೂತನಕ ಒಂದು ಡಬ್ಬ್ಯಾಗ ಮುಚ್ಚಿ ಇಟ್ಟಿದ್ರ ಆಗ್ತಿತ್ತಲ್ಲೋ ಬೇಟಾ," ಎಂದರು. ನಾಳೆಯೇ ತೇರಗಾಂವಕ್ಕೆ ಹೋಗಿ ಆ ತಾಯಿಯ ಮುಂದೆ, ಊರವರ ಮುಂದೆ, ತಪ್ಪು ನನ್ನದು ಎಂದು ಹೇಳಿ ಬಾ ಎಂದರು. ಹೋದೆ. ವೀರಭದ್ರಪ್ಪ ಹೊರಗಿನ ಕಟ್ಟೆಯ ಮೇಲೆ ಸಿಕ್ಕ. ಸಾಲು ಅದಲು ಬದಲಾಗಿತ್ತು ಎಂದು ತೊದಲಿದೆ. ಆಗಿದ್ದು ಆಗಿಹೋಯಿತು, ಇನ್ನು ಆ ಸುದ್ದಿ ಎತ್ತಬ್ಯಾಡ್ರಿ ಎಂದು ಚಹಾ ತರಿಸಿದ. ಮುದುಕಿ ಒಳಗೆ ಬೀಸುತ್ತಿದ್ದ ಸದ್ದು ಕೇಳುತ್ತಿತ್ತು. ಒಳಗೆ ಹೋಗಿ ಎರಡು ಮಾತು ಆಡಿದ್ದರೆ ಮುಗಿಯುತ್ತಿತ್ತು. ನಾನು ಚಹಾ ಕುಡಿದು, ಬದುಕಿದೆಯಾ ಬಡಜೀವವೇ ಎಂದು ಎದ್ದು ಬಂದೆ. ಉಸ್ತಾದರು ಹೇಳಿದೆಯಾ ಎಂದು ಕೇಳಿದಾಗ ಹೇಳಿದೆ ಎಂದೆ.

ಒಂದು ಸುಗ್ಗಿ ಕಳೆದ ಮೇಲೆ ಇಂದೂರಿನ ಶಾಲೆಯ ಮಾಸ್ತರರೊಬ್ಬರ ನಿವೃತ್ತಿಗೆ ಫೋಟೋ ತೆಗೆಯಲು ಹೋಗಿದ್ದೆ. ಕೆಲಸ ಮುಗಿಸಿ ಬರುವಾಗ ಬಾವಿಯ ಹತ್ತಿರ ಗಂಗವ್ವ ಎದುರಾದಳು. ಕೊಡ ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಗಂಡನಿಗೆ ಕಳಿಸಲು ತನ್ನದೊಂದು ಫೋಟೋ ಇದೆಯೇ ಎಂದು ಕೇಳಿದಳು. ಆತನ ಕೈಯಲ್ಲಿರುವುದು ತನ್ನ ನೆಗೆಣ್ಣಿಯದು, ಆ ಮನೆಯ ಹಿರಿಯ ಸೊಸೆಯದು, ಎಂದು ಅವಳಿಗೆ ಗೊತ್ತಿತ್ತು. ಫಿಲ್ಮು ಕೆಟ್ಟುಹೋಯಿತು ಎಂದೆ. ಸುಟ್ಟೆ ಎನ್ನಲಿಲ್ಲ.

"ಒಂದ ಇದ್ರ ಸಾಕಿತ್ತು," ಎಂದಳು.

ನನ್ನ ಹೆಗಲಲ್ಲಿ ಕ್ಯಾಮೆರಾ ಇತ್ತು. ರೋಲಿನಲ್ಲಿ ಇನ್ನೂ ಚಿತ್ರಗಳು ಉಳಿದಿದ್ದವು. ಬಿಸಿಲು ಚೆನ್ನಾಗಿತ್ತು. ಅಲ್ಲಿಯೇ ನಿಲ್ಲಿಸಿ ತೆಗೆಯಬಹುದಿತ್ತು. ದೂರದಲ್ಲಿ ಅವಳ ಅಪ್ಪ ನೋಡುತ್ತ ನಿಂತಿದ್ದ. ವೀರಭದ್ರಪ್ಪನಿಗೆ ಸುದ್ದಿ ಮುಟ್ಟಿದರೆ ಎಂದು ಅಳುಕಿದೆ. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೆಜ್ಜೆ ಹಾಕಿದೆ. ಅಂಬೇವಾಡಿಯ ಸಾಹೇಬರ ಹೊಟ್ಟೆಗೆ ಇಡೀ ರೋಲು ಸುರಿದ ಕೈ ಇದೇ. ನನ್ನ ಬದುಕಿನಲ್ಲಿ ನಾನು ಯಾವುದಕ್ಕಾದರೂ ನಾಚಿ ಬೆಂದಿದ್ದರೆ ಅದು ಆ ಬಾವಿಯ ಬಳಿ ಮಾಡಿದ್ದಕ್ಕೆ.

ಯುದ್ಧ ಮುಗಿಯಿತು. ಉಸ್ತಾದರು ಕಣ್ಣು ಮಂಜಾಗಿ ಅಂಗಡಿಯನ್ನು ನನಗೇ ಬಿಟ್ಟಿದ್ದರು. ಒಂದು ದಿನ ಬೆಳಿಗ್ಗೆ ಬಸವಣ್ಣೆಪ್ಪ ಬಂದ, ಹಿಂದೆ ಗಂಗವ್ವ. ಆತ ಮಿಲಿಟರಿ ಬಿಟ್ಟು ಬಂದವನು ನೇರ ಇಂದೂರಿಗೆ ಹೋಗಿ ಅವಳನ್ನು ಕರೆದುಕೊಂಡು ಬಂದಿದ್ದ. ಚೀಲದಿಂದ ರಟ್ಟು ತೆಗೆದು ನನ್ನ ಮುಂದೆ ಇಟ್ಟ. ನಡುವಿನ ಗೆರೆಯ ಆಚೆ, ಅತ್ತಿಗೆಯ ಚಿತ್ರದ ಮೇಲೆ ಬಿಳಿ ಕಾಗದ ಅಂಟಿಸಿದ್ದ.

"ನಮ್ಮ ಅತ್ತಿಗಿ ತಾಯಿ ಇದ್ದಂಗ, ಹರಿಯಾಕ ಮನಸ ಬರ್ಲಿಲ್ಲ," ಎಂದ. "ಅಲ್ಲಿ ಎಲ್ಲಾರೂ ತಮ್ಮ ಮನಿಯವರ ಫೋಟೋ ತೋರಸ್ತಿದ್ರು. ನಾ ಏನ್ ತೋರಸ್ಲಿ? ನನಗ ಲಗ್ನ ಆಗಿಲ್ಲ ಅಂತ ಹೇಳ್ತಿದ್ದೆ."

ಗಂಗವ್ವ ಅದನ್ನು ಕೇಳಿದ್ದು ಅದೇ ಮೊದಲು ಎಂದು ಕಾಣುತ್ತದೆ. ಗಂಡನ ಮುಖ ನೋಡಿ, ಮತ್ತೆ ನನ್ನ ಕಡೆ ತಿರುಗಿದಳು. ಕೂರುವ ಮೊದಲು ಕ್ಯಾಮೆರಾದ ಒಳಗೆ ನೋಡಬೇಕು ಎಂದಳು.

"ಹಂಗ ಬರೂದು ಎಲ್ಲಿಂದ ಬರ್ತೈತಿ, ತೋರಸ್ರಿ."

ಆ ಕಸುಬಿನಲ್ಲಿ ನನ್ನ ಕ್ಯಾಮೆರಾ ಬಿಚ್ಚಿ ತೋರಿಸು ಎಂದವರು ಅವಳೊಬ್ಬಳೇ. ಬೆನ್ನು ತೆಗೆದು ತೋರಿಸಿದೆ. ತಗಡು ಹೊರಗೆ ಎಳೆದು ಅವಳ ಕೈಗೆ ಕೊಟ್ಟೆ. ಇದರಿಂದ ಅರ್ಧ ಆಗುತ್ತದೆ, ಅರ್ಧ ಅರ್ಧ ಸೇರಿಸುವವನು ನಾನು, ಸಾಲು ತಪ್ಪಿದ್ದು ನನಗೆ ಗೊತ್ತಿದ್ದೂ ಮರೆತೆ ಎಂದೆ. ಫಿಲ್ಮು ಕೆಟ್ಟಿರಲಿಲ್ಲ, ನಾನೇ ಸುಟ್ಟೆ ಎಂದೆ. "ಕ್ಯಾಮೆರಾದಾಗ ಏನೂ ಬಂದಿರ್ಲಿಲ್ಲವ್ವ. ಎಲ್ಲಾ ನಾ ಮಾಡಿದ್ದು," ಎಂದೆ.

ಅವಳು ತಗಡನ್ನು ತಿರುಗಿಸಿ ನೋಡಿ ಮೇಜಿನ ಮೇಲೆ ಇಟ್ಟಳು.

"ಈ ಮಾತ ಅವತ್ತ ನಮ್ಮ ಅತ್ತಿ ಮುಂದ ಹೇಳಬೇಕಿತ್ರಿ," ಎಂದಳು. "ಹ್ವಾದ ವರ್ಷ ಅವರು ತೀರ್ಕೊಂಡ್ರು. ಕಡೀತನಕ ನನ್ನ ಕೈಲೆ ನೀರ ಇಸ್ಕೊಳ್ಳಲಿಲ್ಲ."

ಅತ್ತೆಯ ಕೊನೆಯ ದಿನಗಳಲ್ಲಿ ಸೇವೆ ಮಾಡಲೆಂದು ತಾನಾಗಿಯೇ ತೇರಗಾಂವಕ್ಕೆ ಹೋಗಿದ್ದಳಂತೆ. ಬಾಗಿಲಿಂದಲೇ ತಿರುಗಿ ಕಳಿಸಿದರಂತೆ. ಇದನ್ನು ಬಸವಣ್ಣೆಪ್ಪ ಹೇಳಿದ, ಅವಳು ಹೇಳಲಿಲ್ಲ.

ತಗಡಿಲ್ಲದೆ ಹೊಸ ರೋಲು ಹಾಕಿದೆ. ಇಬ್ಬರೂ ಬಾಕಿನ ಮೇಲೆ ಪಕ್ಕಪಕ್ಕ ಕೂತರು. ಹಿರಿಯರಾರೂ ಇರದಿದ್ದರೂ ನಡುವೆ ಒಂದು ಗೇಣು ಬಿಟ್ಟೇ ಕೂತಿದ್ದರು. ಹತ್ತಿರ ಸರಿಯಿರಿ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಒಂದು ತೆಗೆದೆ. ಕ್ಯಾಮೆರಾದ ಬೆನ್ನಿನ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕಿ ಬರುವವರೆಗೆ ಫಿಲ್ಮು ತಿರುಗಿಸಿದೆ, ಇನ್ನೊಂದು ತೆಗೆಯುತ್ತೇನೆ, ಇಡೀ ರೋಲು ನಿಮ್ಮದೇ ಎಂದೆ.

ಗಂಗವ್ವ ಆಗಲೇ ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

"ಬ್ಯಾಡ್ರಿ," ಎಂದಳು. "ಅವತ್ತ ಬಾವಿ ಹತ್ರನೂ ನಾ ಒಂದ ಕೇಳಿದ್ದೆ."